ಇಬ್ಬರು ಮಲ್ಲಾಜಮ್ಮಂದಿರು

ಹ್ಯಾಂಡ್‌ಪೋಸ್ಟ್, ಗುರುವಾರ

ಅವ್ವ,

ಇವತ್ತು ಬೆಳಿಗ್ಗೆ ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಬ್ಬರು ಅಜ್ಜಿ ಖಾಲಿ ಮಾತ್ರೆಹಾಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೂತಿದ್ದರು. ಹೆಸರು ಮಲ್ಲಾಜಮ್ಮ. ಹೋದ ವಾರ ನರ್ಸ್, ಕಂಪ್ಯೂಟರಿನಲ್ಲಿ ನಿಮಗೆ ಸಕ್ಕರೆ ಕಾಯಿಲೆಯೇ ಇಲ್ಲವೆಂದು ಮಾತ್ರೆ ಕೊಡದೆ ಕಳುಹಿಸಿದ್ದರಂತೆ. ಪಾದ ಊದಿತ್ತು.

ತಪ್ಪು ನನ್ನದು. ಹಳೆಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವಾಗ ಹೆಸರು, ಊರು ಎರಡನ್ನೇ ಸೇರಿಸಿ ಪ್ರೈಮರಿ ಕೀ ಮಾಡಿದ್ದೆ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವ ಗುರುತು ಅದು; ಇಬ್ಬರಿಗೆ ಒಂದೇ ಇರುವಂತಿಲ್ಲ. ಅದೇ ಊರಿನ ಇನ್ನೊಬ್ಬ ಮಲ್ಲಾಜಮ್ಮನ ಹೆಸರನ್ನು ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ಒಬ್ಬರನ್ನೇ ಎರಡು ಸಲ ಬರೆದಿದ್ದಾರೆ ಅಂದುಕೊಂಡು ಮೊದಲಿದ್ದ ಈ ಅಜ್ಜಿಯ ವಿವರ ಅಳಿಸಿ ಎರಡನೆಯವರದನ್ನು ತುಂಬಿದೆ.

“ಮನೆದೇವ್ರ ಎಸ್ರು ಕಣವ್ವ. ನಮ್ಮೂರಲ್ಲಿ ಮಲ್ಲಾಜಮ್ಮ ಅಂತ ಕೂಗುದ್ರೆ ಐದು ಮನೆ ಬಾಗ್ಲು ತೆಗಿತವೆ. ಬಾವಿಮನೆಯೋಳು ಅಂತ ಬರ್ಕೊಬಾರ್ದಾ?” ಎಂದು ಅಜ್ಜಿ ನಕ್ಕರು.

ಹಳೆಯ ರಿಜಿಸ್ಟರ್ ತೋರಿಸಿ ಮಾತ್ರೆ ಕೊಡಿಸಿದೆ. ಯಾಕೆ ಹೀಗಾಯಿತೆಂದು ಯಾರೂ ಕೇಳಲಿಲ್ಲ. ಇಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ನಿನ್ನೆ ಇಡೀ ದಿನ ನಾನು ಆಡಿದ ಒಂದೇ ಮಾತು, ಹೋಟೆಲಿನಲ್ಲಿ “ಇನ್ನೊಂದು ಚಪಾತಿ ಬೇಡ” ಎಂದದ್ದು.

ಕೆಲಸ ಕಾಯಂ ಆಗುವುದು ತಿಂಗಳ ಕೊನೆಗೆ. ಸುಮ್ಮನಿದ್ದರೆ ಆಗಿಬಿಡುತ್ತದೆ. ಆದರೆ ಇನ್ನೂ ಎಷ್ಟು ಜನರನ್ನು ಹೀಗೆ ಅಳಿಸಿದ್ದೇನೋ ಗೊತ್ತಿಲ್ಲ.

ಈ ಭಾನುವಾರ ಬರುವುದಿಲ್ಲ. ನನ್ನ ದಪ್ಪ ಚಪ್ಪಲಿಯನ್ನು ಕಂಡಕ್ಟರ್ ಕಾಂತರಾಜು ಮಾವನ ಕೈಲಿ ಕಳುಹಿಸು. ಮನೆಮನೆಗೆ ಹೋಗಿ ವಿಚಾರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ನಂಬರ್ ಕೊಡಬೇಕು. ಅದಕ್ಕೆ ಮೊದಲು, ನಾಳೆ ಡಾಕ್ಟರಿಗೆ ನಾನೇ ಹೇಳುತ್ತೇನೆ.

ನಿನ್ನ
ಬೃಂದಾ