ಪಟ್ಟಿಯ ಕೊನೆಯ ಸಾಲು

ಫೆಬ್ರವರಿ 6, ಗುರುವಾರ
ಎಂದಿನಂತೆ ಜೈಲು. ವಿತೋಲ್ದ್ ಇಳಿದುಹೋಗಿದ್ದಾನೆ. ಮುಷ್ಕರದ ಕರಪತ್ರ ಹಂಚಿದ ಮೇಷ್ಟ್ರು, ಐದು ತಿಂಗಳಿಂದ ಒಳಗೆ. ಹೆಂಡತಿ ರಾಯಿಸಾಗೆ ಭೇಟಿ ಇಲ್ಲ, ಕಾಗದ ತಲುಪುವುದಿಲ್ಲ. ಮನೆಯ ಸುದ್ದಿ ತರುವವಳು ನಾನೊಬ್ಬಳೇ — ಅವನ ವಕೀಲೆ. ಅವಳಿಗೆ ಇನ್ನು ಎರಡು ವಾರಕ್ಕೆ ಹೆರಿಗೆ ಅಂದೆ.
"ಹೆಸರು ಅವಳೇ ಇಡ್ಲಿ. ನೀವು ಬಂದು ಹೇಳಿ, ಸಾಕು. ನಾಳೆ ಕೋರ್ಟಲ್ಲಿ ಮಾತ್ರ ಸುಮ್ನಿದ್ಬಿಡಿ ಮೇಡಂ. ನಿಮ್ಮ ಲೈಸೆನ್ಸ್ ಹೋದ್ರೆ ನಂಗ್ಯಾರಿದಾರೆ?"

ಫೆ. 7
ಬಾಗಿಲು ಮುಚ್ಚಿ ವಿಚಾರಣೆ. ಜಡ್ಜ್ ಸ್ತಾಸ್ — ಕಾಲೇಜಿನಲ್ಲಿ ನನ್ನ ನೋಟ್ಸ್ ಕಾಪಿ ಹೊಡೆದವನು. ಈಗಲೂ ಕಾಪಿಯೇ. ನಾನು ವಾದಕ್ಕೆ ಏಳುವ ಮೊದಲೇ ತೀರ್ಪು ಟೈಪಾಗಿ ಫೈಲಿನಲ್ಲಿತ್ತು.
"ಆಕ್ಷೇಪಣೆ ಇದ್ಯಾ?" ತಲೆ ಎತ್ತಲಿಲ್ಲ.
ಮಾತು ಬೆಳ್ಳಿ, ಮೌನ ಬಂಗಾರ. ಗೊತ್ತು...
"ಇದೆ. ಈ ತೀರ್ಪು ಬರೆದು ಕಳಿಸಿದ್ಯಾರು ಅಂತ ದಾಖಲಾಗ್ಲಿ."
ಕಟಕಟೆಯಲ್ಲಿ ವಿತೋಲ್ದ್ ಕಣ್ಣು ಮುಚ್ಚಿಕೊಂಡ. ಮೂರು ವರ್ಷ ಶಿಕ್ಷೆ.

ಫೆ. 18
ಲೈಸೆನ್ಸ್ ರದ್ದು. ಎರಡು ಸಾಲಿನ ಕಾಗದ. ಇಪ್ಪತ್ತಾರು ವರ್ಷದ ವಕೀಲಿಕೆ. ಆ ಹಸಿರು ಗೋಡೆಯ ಭೇಟಿ ಕೋಣೆ, ಕಾಲು ಅಲುಗಾಡುವ ಮೇಜು — ಅದಕ್ಕಾಗಿ ಇಷ್ಟು ಹಂಬಲಿಸುತ್ತೇನೆಂದು ತಿಳಿದಿರಲಿಲ್ಲ.

ಫೆ. 21
ಹೆಣ್ಣು ಮಗು. ಮಾಲ್ವಿನಾ. ಅವನಿಗೆ ಹೇಳುವವರಿಲ್ಲ. ಸರ್ಕಾರ ಕೊಟ್ಟ ಹೊಸ ವಕೀಲನಿಗೆ ಫೋನ್ ಮಾಡಿದೆ. "ನಾನು ವಕೀಲ ಕಣಮ್ಮ, ಪೋಸ್ಟ್‌ಮ್ಯಾನ್ ಅಲ್ಲ."
ನಾನು ಎರಡೂ ಆಗಿದ್ದೆ.

ಮಾರ್ಚ್ 6, ಗುರುವಾರ, ಬೆಳಿಗ್ಗೆ 11
ಜೈಲಿನ ಪಾರ್ಸೆಲ್ ಕಿಟಕಿ. ರಾಯಿಸಾಳ ಜೊತೆ ಕ್ಯೂನಲ್ಲಿ ನಿಂತೆ. ಮಗು ಅಜ್ಜಿಯ ಹತ್ತಿರ. ಪಟ್ಟಿ: ಚಹಾ, 200 ಗ್ರಾಂ. ಉಪ್ಪು ಹಾಕಿದ ಹಂದಿಕೊಬ್ಬು, 500 ಗ್ರಾಂ. ಉಣ್ಣೆ ಕಾಲುಚೀಲ, ಎರಡು ಜೊತೆ. ಕೊನೆಗೆ ರಾಯಿಸಾ ಬರೆದಳು: ಮಗಳು ಮಾಲ್ವಿನಾ, ಒಂದು.
"ಇದು ಚೀಲದಲ್ಲಿಲ್ವಲ್ಲ" ಎಂದು ಕಿಟಕಿಯ ಹೆಂಗಸು ಗೀಟು ಹೊಡೆದಳು. ಒಂದೇ ಗೀಟು. ಅಕ್ಷರ ಕಾಣುತ್ತದೆ.
"ಅವತ್ತು ಕೋರ್ಟಲ್ಲಿ ಸುಮ್ನಿದ್ದಿದ್ರೆ ನಾನೇ ಹೇಳಿ ಬರ್ತಿದ್ದೆ" ಅಂದೆ.
"ಸುಮ್ನಿರೋರು ಅಲ್ಲಿ ಬೇಕಾದಷ್ಟಿದಾರೆ ಅಕ್ಕಾ. ನೀವು ಕೂತ್ಕೊಳ್ಳಿ."
ಅವನ ಸಹಿಯಾಗಿ ಪಟ್ಟಿ ವಾಪಸ್ ಬರಬೇಕು. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

12.20
ಬಂತು. ಸಹಿ ಇದೆ. ಗೀಟು ಹೊಡೆದ ಸಾಲಿನ ಎದುರು ಸಣ್ಣದಾಗಿ ಅವನ ಅಕ್ಷರ: "ತಲುಪಿತು. ತೂಕ ಬರೆದಿಲ್ಲ."
ಮುಂದಿನ ಪಾರ್ಸೆಲ್‌ಗೆ ಇನ್ನೂ ಒಂದು ತಿಂಗಳು. ರಾಯಿಸಾ ಈಗಲೇ ಹೊಸ ಫಾರಂ ತಂದಿದ್ದಾಳೆ, ನನ್ನ ಪೆನ್ನಿಗೆ ಕೈ ಚಾಚಿ —