ಹಡಗಿಗೆ ಎರಡೇ ಟಿಕೆಟ್

ಅತ್ತೆ,

ನಿಮ್ಮ ಸೊಸೆ ಬರೆಯುತ್ತಿದ್ದೇನೆ. ತಲೆಯ ಮೇಲೆ ಸೆರಗಿಲ್ಲ, ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದೇನೆ. ಬೈಯಬೇಕೆನಿಸಿದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ಮದುವೆಯಾದ ಹೊಸತರಲ್ಲಿ ಮಹಾಬಳೇಶ್ವರಕ್ಕೆ ಹೋದದ್ದು ನೆನಪಿದೆಯೇ? ಹನಿಮೂನಿಗೆಂದು ನಿಮ್ಮ ಮಗ ಎರಡು ಬಸ್ ಟಿಕೆಟ್ ತಂದಿದ್ದರು. "ಹೊಸ ಹುಡುಗಿ, ಊರು ಗೊತ್ತಿಲ್ಲ, ನಾನೂ ಬರತೇನಿ ತಡಿ," ಎಂದಿರಿ. ನಿಮ್ಮ ಜೊತೆಗೆ ನಾದಿನಿಯೂ ಹೊರಟಳು. ಕೆರೆಯ ದೋಣಿಯಲ್ಲಿ ಭಾರ ಸಮ ಇರಬೇಕೆಂದು ನೀವು ನಮ್ಮಿಬ್ಬರ ನಡುವೆ ಕೂತಿರಿ. ಅವರು ಆಚೆ ದಂಡೆ ನೋಡುತ್ತಾ, ನಾನು ಈಚೆ ದಂಡೆ ನೋಡುತ್ತಾ... ಆಮೇಲೆ ಮೂವತ್ತೆರಡು ವರ್ಷ ನಾವಿಬ್ಬರೇ ಎಲ್ಲಿಗೂ ಹೋಗಲಿಲ್ಲ. ಪಂಢರಪುರ, ಮಂತ್ರಾಲಯ, ಸಾಸವಡದ ನಾದಿನಿಯ ಮನೆ, ಎಲ್ಲವೂ ಗುಂಪಿನಲ್ಲೇ. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನಿಮ್ಮೊಬ್ಬರ ಮೇಲಲ್ಲ, ಬಾಯಿಬಿಡದ ನಿಮ್ಮ ಮಗನ ಮೇಲೂ.

ಈ ಸಲ ಅವರು ಕಾಶಿಯಾತ್ರೆಯ ಹಾಳೆ ತಂದರು. ನಲವತ್ತು ಜನ, ಒಂದು ಬಸ್ಸು, ಜೊತೆಗೆ ಅಡುಗೆಯವರು. ನಾನು ಅದನ್ನು ಮಡಚಿ ಡಬ್ಬಿಯ ಕೆಳಗೆ ತುರುಕಿ, ಸದಾಶಿವ ಪೇಠದ ಟ್ರಾವೆಲ್ಸ್ ಅಂಗಡಿಗೆ ಒಬ್ಬಳೇ ಹೋದೆ. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗು. ಅಲ್ಲಿಯ ಹುಡುಗಿ ಮರಾಠಿಯಲ್ಲಿ "ಕಾಕೂ, ಕಿತೀ ಜಣ?" ಎಂದಳು, ಎಷ್ಟು ಜನ ಎಂದು. "ದೋಘಂಚ!" ಎಂದೆ. ಇಬ್ಬರೇ. ಎಷ್ಟು ಜೋರಾಗಿ ಹೇಳಿದೆನೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಒಳಗಿನ ಕೋಣೆ, ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ ಎಂದು ತೋರಿಸಿದಳು. ಬಾಲ್ಕನಿಯದನ್ನೇ ಆರಿಸಿದೆ. ಅಲ್ಲಿರುವುದು ಎರಡೇ ಕುರ್ಚಿ. ಐವತ್ತಾರರಲ್ಲಿ ನಿನಗೇಕೆ ಈ ಶೋಕಿ ಎಂದಿರಾ? ಇಪ್ಪತ್ನಾಲ್ಕರಲ್ಲಿ ಬಿಟ್ಟಿದ್ದರೆ ತಾನೇ!

ಎಡವಟ್ಟಾದದ್ದು ತಾರೀಖಿನಲ್ಲಿ. ಹೋದ ವರ್ಷ ನಿಮ್ಮ ಮೊದಲ ತಿಥಿಯ ದಿನ, ಮರೆಯಬಾರದೆಂದು ನಿಮ್ಮ ಮಗ ಆ ತಾರೀಖನ್ನು ಫೋನಿಗೆ ಹಾಕಿದ್ದರು. ನಾನು ಅದನ್ನೇ ನಂಬಿ, ತಿಥಿ ಮುಗಿದ ಮೇಲಿನ ದಿನಗಳೆಂದು ಆರಿಸಿಬಿಟ್ಟೆ. ಈ ವರ್ಷ ಅಧಿಕ ಮಾಸ ಬಂದು ತಿಥಿ ಮುಂದಕ್ಕೆ ಹೋಗಿತ್ತು. ಪಂಚಾಂಗ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿದ್ದರೂ ಇಬ್ಬರೂ ತೆಗೆದು ನೋಡಲಿಲ್ಲ. ಭಟ್ಟರು ಹೇಳಿದಾಗಲೇ ತಿಳಿದದ್ದು, ಆ ದಿನ ನಾವು ನಡುಸಮುದ್ರದಲ್ಲಿರುತ್ತೇವೆ.

ನಾದಿನಿ ಫೋನ್ ಮಾಡಿದಳು. "ವೈನಿ, ಅವ್ವನ ತಿಥಿ ಬಿಟ್ಟು ಹಡಗ ಹತ್ತತೀರೇನ್ರಿ? ಮಂದಿ ಏನಂದಾರು?" ನಿಮ್ಮ ಮಗ ಮುಖ ಸಣ್ಣದು ಮಾಡಿಕೊಂಡು, "ರದ್ದು ಮಾಡೂಣೇನು?" ಎಂದರು. "ನಿಮ್ಮದು ಮಾಡ್ರಿ. ನಾ ಒಬ್ಬಾಕೇನ ಹೋಗತೇನಿ," ಎಂದೆ. ಆಮೇಲಿನ ಎರಡು ದಿನ ನಾನು ಸೂಟ್‌ಕೇಸ್ ತುಂಬುತ್ತಲೇ ಇದ್ದೆ. ನಿಮ್ಮ ಮೇಲೆ ಗೌರವವಿಲ್ಲವೆಂದಲ್ಲ. ಕೊನೆಯ ಎಂಟು ತಿಂಗಳು ನಿಮಗೆ ಉಣಿಸಿದ ಕೈ ಇದು. ಆದರೆ ಈ ಸಲವೂ ಸೋತರೆ ಇನ್ನು ಯಾವಾಗ...

ಮೂರನೆಯ ದಿನ ಅವರೇ ಭಟ್ಟರ ಬಳಿ ಹೋದರು. "ತಪ್ಪಿದ ತಿಥಿ ಅಮಾಸಿಗೆ ಮಾಡಬಹುದ್ರಿ, ಶಾಸ್ತ್ರದಾಗ ಅದ," ಎಂದರಂತೆ ಭಟ್ಟರು. ಮನೆಗೆ ಬಂದವರು ನನ್ನೆದುರೇ ತಂಗಿಗೆ ಫೋನ್ ಹಚ್ಚಿದರು. ನೀವು ಬದುಕಿದ್ದಾಗ ಅವರ ಬಾಯಿಂದ ಒಮ್ಮೆಯೂ ಕೇಳದ ಮಾತು, ಈಗ ಕೇಳಿಸಿಕೊಳ್ಳಿ: "ನಾ ನನ್ನ ಹೇಂತಿ ಕೂಡ ಹೊಂಟೇನಿ. ನಾವಿಬ್ಬರೇ."

ಹಡಗಿಳಿದು ಬಂದವಳೇ ಅಮಾವಾಸ್ಯೆಗೆ ಮಡಿಯುಟ್ಟು, ವಡೆ, ಪಾಯಸ ಮಾಡಿ ನಿಮಗೆ ಎಲೆ ಹಾಕುತ್ತೇನೆ. ಅಲ್ಲಿಯವರೆಗೆ ಎಂಟು ದಿನ ಕಾಯಿರಿ, ಅತ್ತೆ. ನಾನು ಮೂವತ್ತೆರಡು ವರ್ಷ ಕಾದಿದ್ದೇನೆ.