ಬಾಮೈದ ಬಿಚ್ಚಿದ ಎಂಜಿನ್

ಮಂಗಳವಾರ, ೧೪

ಕಾರನ್ನು ಮಾರಿದವನಿಗೆ ವಾಪಸ್ ಕೊಡಲು ಇವತ್ತೂ ಆಗಲಿಲ್ಲ. ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೇ ಸಾಲದ ಮೇಲೆ ಕೊಂಡ ಹಳೇ ಕಾರು. ಮೊದಲ ದಿನದಿಂದಲೂ ನಡುದಾರಿಯಲ್ಲಿ ನಿಲ್ಲುತ್ತದೆ. ಮಾರಿದವನು ಹಿಂದಕ್ಕೆ ತೆಗೆದುಕೊಂಡರೆ ಸಾಲ ರದ್ದು ಎಂದು ಫೈನಾನ್ಸ್‌ನವರು ಹೇಳಿದ್ದರು. ಅವನು ಬಾನೆಟ್ ಎತ್ತಿ ನೋಡಿ ನಕ್ಕ.

"ಯಾರೋ ಬಿಚ್ಚಿದಾರಲ್ಲ ಯಜಮಾನ್ರೇ. ನಾನು ಬಿಚ್ಚೋ ಮುಂಚೆನೇ ಕೆಟ್ಟಿತ್ತು, ನಾನು ಕೆಡಿಸಿಲ್ಲ ಅಂತ ಬಿಚ್ಚಿದವರ ಕೈಲೇ ಬರೆಸ್ಕೊಂಡು ಬನ್ನಿ, ಆಗ ವಾಪಸ್ ತಗೋತೀನಿ."

ಬಿಚ್ಚಿದ್ದು ಬಾಮೈದ. ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅವಳು ತೀರಿಕೊಂಡ ವಾರದಲ್ಲೇ ಸ್ಪ್ಯಾನರ್ ಹಿಡಿದು ಬಂದಿದ್ದ. "ಅಕ್ಕನಿಗೆ ನನ್ನಿಂದ ಏನೂ ಮಾಡಕ್ಕಾಗ್ಲಿಲ್ಲ ಭಾವ, ಇದಾದ್ರೂ ಮಾಡ್ತೀನಿ" ಎಂದು ಸಂಜೆಯವರೆಗೆ ಎಂಜಿನ್ ಮೇಲೆ ಬಗ್ಗಿಕೊಂಡಿದ್ದ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಪತ್ರ ಕೇಳೋಣವೆಂದು ಈಗ ಫೋನ್ ಮಾಡಿದೆ. ನಾನು ಮಾತೆತ್ತುವ ಮೊದಲೇ ಅವನು ಕೇಳಿದ, "ಗಾಡಿ ಹೇಗೆ ಓಡ್ತಿದೆ ಭಾವ?"

"ಬೆಣ್ಣೆ ಥರ ಓಡ್ತಿದೆ ಕಣೋ."

ಆ ಕಡೆಯಿಂದ ಮೂಗೇರಿಸಿದ ಸದ್ದು. "ಅಷ್ಟಾದ್ರೂ ಆಯ್ತಲ್ಲ ಭಾವ" ಎಂದ.

ಇನ್ನು ಯಾವ ಬಾಯಲ್ಲಿ ಪತ್ರ ಕೇಳಲಿ? ಕಂತು ಇನ್ನೂ ನಾಲ್ಕು ವರ್ಷ ಇದೆ. ಅವಳಿದ್ದಿದ್ದರೆ ತಮ್ಮನಿಗೆ ನಾಲ್ಕು ಬೈದು ಬರೆಸಿಕೊಂಡೇ ಬರುತ್ತಿದ್ದಳು. ನನಗೆ ಅದು ಬರುವುದಿಲ್ಲ; ಕಂತು ಕಟ್ಟುತ್ತೇನೆ.